1962ರಲ್ಲಿ ಯಾರಿಗೂ ಬೇಡವಾದ ರಿಟೋಸ್ಸಾ ಪೇಪರ್: ವಿಜ್ಞಾನಿಯ ಪ್ರಭಾವವನ್ನು ಅಳೆಯೋದು ಹೇಗೆ?

ಕೋಶಪ್ರಿಯ:
ಎಲ್ಲರಿಗೂ ನಮಸ್ಕಾರ. ಜೀವಕೋಶಗಳು ಒತ್ತಡಕ್ಕೆ ಸಿಕ್ಕಾಗ ಏನು ಮಾಡುತ್ತವೆ ಅಂತ ಈಚೆಗೆ ಓದುತ್ತಿದ್ದೇನೆ. ಎಲ್ಲಿಂದ ಶುರು ಮಾಡಿದರೂ ಕೊನೆಗೆ ಒಂದೇ ಹೆಸರಿಗೆ ಹೋಗಿ ಮುಟ್ಟುತ್ತದೆ: ಇಟಲಿಯ ಫೆರುಚ್ಚಿಯೋ ರಿಟೋಸ್ಸಾ. ಹಣ್ಣಿನ ನೊಣದ ಲಾರ್ವಾಗಳಿಗೆ ಸ್ವಲ್ಪ ಹೊತ್ತು ಜಾಸ್ತಿ ಬಿಸಿ ತಾಗಿಸಿದರೆ ಜೊಲ್ಲುಗ್ರಂಥಿಯ ಕ್ರೋಮೋಸೋಮ್‌ಗಳಲ್ಲಿ ಕೆಲವೇ ಕೆಲವು ಜಾಗಗಳು ಉಬ್ಬುತ್ತವೆ ಅಂತ ಅವರು 1962ರಲ್ಲಿ 'ಎಕ್ಸ್‌ಪೀರಿಯೆನ್ಷಿಯಾ' ಪತ್ರಿಕೆಯಲ್ಲಿ ಬರೆದರು. ಪೇಪರ್ ಎರಡು ಮೂರು ಪುಟದ್ದು, ಅಷ್ಟೇ. ಅದಕ್ಕೂ ಮುಂಚೆ ಒಂದು ಹೆಸರುವಾಸಿ ಪತ್ರಿಕೆ, ಇದರಿಂದ ಜೀವವಿಜ್ಞಾನಕ್ಕೆ ಏನೂ ಉಪಯೋಗವಿಲ್ಲ ಅಂತ ವಾಪಸ್ ಕಳಿಸಿತ್ತು. ಇದನ್ನು ರಿಟೋಸ್ಸಾ ಅವರೇ 1996ರಲ್ಲಿ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ.

ಇವತ್ತು ಹೀಟ್ ಶಾಕ್ ಪ್ರೋಟೀನ್ (ಬಿಸಿಯಂಥ ಒತ್ತಡ ಬಂದಾಗ ಕೋಶ ತಯಾರಿಸುವ ಪ್ರೋಟೀನ್) ಹೆಸರು ಬರದ ಜೀವಕೋಶ ವಿಜ್ಞಾನದ ಪಠ್ಯಪುಸ್ತಕವೇ ಇಲ್ಲ. ನನ್ನ ಪ್ರಶ್ನೆ ಇಷ್ಟೇ. ಒಬ್ಬ ವಿಜ್ಞಾನಿಯ ಪ್ರಭಾವವನ್ನು ಸೈಟೇಷನ್ ಎಣಿಸಿ, ಅಂದರೆ ಅವರ ಪೇಪರನ್ನು ಬೇರೆ ಪೇಪರ್‌ಗಳು ಎಷ್ಟು ಸಲ ಉಲ್ಲೇಖಿಸಿವೆ ಅಂತ ಎಣಿಸಿ, ಹೇಳಬಹುದಾ? 1967ರಲ್ಲಿ ಯಾರಾದರೂ ರಿಟೋಸ್ಸಾ ಅವರ ಸೈಟೇಷನ್ ಎಣಿಸಿದ್ದರೆ ಏನಂತ ತೀರ್ಪು ಕೊಡುತ್ತಿದ್ದರು?

ಸುಮ್ನೆ ಓದುಗ:
ಕ್ರೋಮೋಸೋಮ್ ಉಬ್ಬುತ್ತೆ ಅಂದ್ರೆ ಏನು? ಯಾರಾದರೂ ಬಿಡಿಸಿ ಹೇಳಿ ಪ್ಲೀಸ್. ನಾನು ಕಾಮರ್ಸ್ ಓದಿದವನು.

ನೊಣದ ಮೇಷ್ಟ್ರು:
ಹೇಳ್ತೀನಿ. ನೊಣದ ಲಾರ್ವಾದ ಜೊಲ್ಲುಗ್ರಂಥಿಯ ಕೋಶಗಳಲ್ಲಿ ಡಿಎನ್‌ಎ ಮತ್ತೆ ಮತ್ತೆ ನಕಲಾಗುತ್ತದೆ, ಆದರೆ ಕೋಶ ಎರಡಾಗುವುದಿಲ್ಲ. ನೂರಾರು ಎಳೆಗಳು ಪಕ್ಕಪಕ್ಕದಲ್ಲೇ ಅಂಟಿಕೊಂಡು ಇರುತ್ತವೆ. ಅದಕ್ಕೇ ಆ ಕ್ರೋಮೋಸೋಮ್‌ಗಳು ದಪ್ಪ. ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ಯಾವುದೋ ಒಂದು ಜಾಗದ ಜೀನ್ ಜೋರಾಗಿ ಕೆಲಸ ಶುರು ಮಾಡಿದರೆ ಅಲ್ಲಿನ ಎಳೆಗಳು ಸಡಿಲವಾಗುತ್ತವೆ, ಆರ್‌ಎನ್‌ಎ ತಯಾರಾಗುತ್ತದೆ, ಆ ಭಾಗ ಉಬ್ಬಿದಂತೆ ಕಾಣುತ್ತದೆ. ಇದಕ್ಕೆ ಪಫ್ ಅಂತಾರೆ. ಅಂದರೆ ಯಾವ ಜೀನ್ ಈಗ ಚಾಲೂ ಆಗಿದೆ ಅನ್ನುವುದು ಕಣ್ಣಿಗೇ ಕಾಣಿಸುತ್ತದೆ! 1960ರ ದಶಕದ ಶುರುವಿನಲ್ಲಿ ಒಂದು ಜೀನ್ ಕೆಲಸ ಮಾಡುವುದನ್ನು ನೇರವಾಗಿ ನೋಡಲು ಇಂಥ ದಾರಿ ಬೇರೆ ಹೆಚ್ಚೇನೂ ಇರಲಿಲ್ಲ.

ರಿಟೋಸ್ಸಾ ಪಫ್‌ಗಳಲ್ಲಿ ಆರ್‌ಎನ್‌ಎ ತಯಾರಿಯನ್ನು ನೋಡುತ್ತಿದ್ದರು. ಲ್ಯಾಬಿನಲ್ಲಿ ಯಾರೋ ಗೊತ್ತಿಲ್ಲದೆ ಇನ್‌ಕ್ಯುಬೇಟರ್ ಬಿಸಿ ಏರಿಸಿಬಿಟ್ಟಿದ್ದರು. ನೋಡಿದರೆ ಪಫ್‌ಗಳ ವಿನ್ಯಾಸವೇ ಬೇರೆ. ಹಳೆಯವು ಕುಗ್ಗಿವೆ, ಹೊಸ ಜಾಗಗಳು ಉಬ್ಬಿವೆ. ಕಥೆ ಅಲ್ಲಿಂದ ಶುರು.

ಅಂಕಿ ಅಂಶ:
ಕೋಶಪ್ರಿಯ ಅವರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ, ಉದಾಹರಣೆ ಮಾತ್ರ ಒಂದು ಕಡೆಗೆ ವಾಲಿದೆ. ತಡವಾಗಿ ಗುರುತಿಸಿಕೊಂಡ ಪೇಪರ್‌ಗಳು ಇವೆ, ಒಪ್ಪುತ್ತೇನೆ. ಅವುಗಳ ಮೇಲೆ ಅಧ್ಯಯನಗಳೂ ನಡೆದಿವೆ. 2004ರಲ್ಲಿ ವಾನ್ ರಾನ್ ಇಂಥ ಪೇಪರ್‌ಗಳಿಗೆ 'ಸ್ಲೀಪಿಂಗ್ ಬ್ಯೂಟಿ' ಅಂತಲೇ ಹೆಸರಿಟ್ಟರು. ಆದರೆ ಅವು ಅಪರೂಪ. ಅಪರೂಪದ್ದನ್ನು ಮುಂದಿಟ್ಟುಕೊಂಡು ಇಡೀ ಅಳತೆಯನ್ನೇ ಬಿಸಾಡುವುದು ಸರಿಯಲ್ಲ. ಸೈಟೇಷನ್ ಇಲ್ಲದಿದ್ದರೆ ಉಳಿಯುವುದು ಏನು? ಯಾರಿಗೆ ಯಾರು ಪರಿಚಯ ಅನ್ನುವುದು. ಅದಕ್ಕಿಂತ ಸಂಖ್ಯೆಯೇ ವಾಸಿ.

ಬಯೋಕೆಮ್ ಮೇಡಂ:
ಮೇಷ್ಟ್ರೇ, ನೀವು ಹೇಳಿದ ಇನ್‌ಕ್ಯುಬೇಟರ್ ಕಥೆ ನಿಜ. ಆದರೆ ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ, ನನಗೆ ಬೇಜಾರಾಗುವುದು ಅಲ್ಲೇ. ಬಿಸಿ ಏರಿದ್ದು ಆಕಸ್ಮಿಕ. ಕಂಡುಹಿಡಿದದ್ದು ಆಕಸ್ಮಿಕ ಅಲ್ಲ.

ಆ 1962ರ ಪೇಪರ್ ತಲೆಬರಹದಲ್ಲೇ ಬಿಸಿಯ ಜೊತೆಗೆ ಡಿಎನ್‌ಪಿ ಇದೆ. ಡಿಎನ್‌ಪಿ ಅಂದರೆ ಡೈನೈಟ್ರೋಫೀನಾಲ್. ಮೈಟೋಕಾಂಡ್ರಿಯಾದಲ್ಲಿ ಆಮ್ಲಜನಕ ಖರ್ಚಾಗುತ್ತಲೇ ಇರುತ್ತದೆ, ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಮಾತ್ರ ತಯಾರಾಗದ ಹಾಗೆ ಇದು ಮಾಡುತ್ತದೆ. ಬಿಸಿ ಮಾಡದೆ ಬರೀ ಡಿಎನ್‌ಪಿ ಕೊಟ್ಟರೂ ಅವೇ ಜಾಗಗಳು ಉಬ್ಬಿದವು. ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟರೂ ಅಷ್ಟೇ. ಆಮೇಲೆ ಆಮ್ಲಜನಕ ಇಲ್ಲದೆ ಇಟ್ಟು ಮತ್ತೆ ಗಾಳಿಗೆ ಬಿಟ್ಟರೂ ಅವೇ ಪಫ್‌ಗಳು. ಬಿಸಿ ಇಳಿಸಿದರೆ ಉಬ್ಬು ಕುಗ್ಗುತ್ತದೆ. ಅಂದರೆ ಇದು ಕೋಶ ಹಾಳಾಗುತ್ತಿರುವ ಲಕ್ಷಣ ಅಲ್ಲ. ಕೋಶ ಕೊಡುತ್ತಿರುವ ಉತ್ತರ. ಬಿಸಿಯೊಂದಕ್ಕೇ ಸೇರಿದ ಉತ್ತರವೂ ಅಲ್ಲ. ಇಷ್ಟನ್ನು ಅವರು ಆಗಲೇ ತೋರಿಸಿದ್ದರು. ಇಲ್ಲದಿದ್ದರೆ ಅದು 'ಬಿಸಿ ಮಾಡಿದರೆ ಕ್ರೋಮೋಸೋಮ್ ಕೆಡುತ್ತದೆ' ಅನ್ನುವ ಮಾಮೂಲಿ ವರದಿಯಾಗಿ ಉಳಿಯುತ್ತಿತ್ತು.

ಕೆಟ್ಟುಹೋದ ಪ್ರಯೋಗವನ್ನು ಚೆಲ್ಲಿ ಮತ್ತೆ ಮಾಡೋಣ ಅನ್ನುವವರೇ ಜಾಸ್ತಿ. ಇವರು ಚೆಲ್ಲಲಿಲ್ಲ.

ಕೋಶಪ್ರಿಯ:
ಮೇಡಂ, ಸ್ಯಾಲಿಸಿಲೇಟ್ ವಿಷಯ ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಬಿಸಿ, ಡಿಎನ್‌ಪಿ, ಸ್ಯಾಲಿಸಿಲೇಟ್ ಇವೆಲ್ಲದರಲ್ಲಿ 'ಏನು ಸಮಾನ' ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಯಾವಾಗ?

ಬಯೋಕೆಮ್ ಮೇಡಂ:
ಬಹಳ ತಡವಾಗಿ. 1974ರಲ್ಲಿ ಟಿಸಿಯರ್, ಮಿಚೆಲ್, ಟ್ರೇಸಿ ಮೂವರು ಸೇರಿ, ಪಫ್ ಬಂದ ಕೋಶಗಳಲ್ಲಿ ಹೊಸ ಪ್ರೋಟೀನ್‌ಗಳು ತಯಾರಾಗುತ್ತವೆ ಅಂತ ತೋರಿಸಿದರು. ಹೀಟ್ ಶಾಕ್ ಪ್ರೋಟೀನ್ ಕೈಗೆ ಸಿಕ್ಕಿದ್ದೇ ಆಗ. 1978ರ ಹೊತ್ತಿಗೆ ಕೋಳಿಯ ಕೋಶ, ಇ. ಕೋಲೈ ಬ್ಯಾಕ್ಟೀರಿಯಾ ಎಲ್ಲದರಲ್ಲೂ ಇದೇ ರೀತಿ ಆಗುತ್ತದೆ ಅಂತ ಗೊತ್ತಾಯಿತು. 1984ರಲ್ಲಿ ನೋಡಿದರೆ ನೊಣದ ಎಚ್‌ಎಸ್‌ಪಿ70 ಅನ್ನುವ ಹೀಟ್ ಶಾಕ್ ಪ್ರೋಟೀನ್ ಮತ್ತು ಬ್ಯಾಕ್ಟೀರಿಯಾದ ಡಿಎನ್‌ಎಕೆ ಅನ್ನುವ ಪ್ರೋಟೀನ್ ಸುಮಾರು ಅರ್ಧದಷ್ಟು ಒಂದೇ ಥರ! ಕೋಟ್ಯಂತರ ವರ್ಷ ವಿಕಾಸ ನಡೆದರೂ ಅಷ್ಟು ಉಳಿದಿದೆ ಅಂದರೆ ಅದು ಜೀವಕ್ಕೆ ಎಷ್ಟು ಬೇಕಾದದ್ದು ಅಂತ ಲೆಕ್ಕ ಹಾಕಿ.

1986ರಲ್ಲಿ ಅನಂತನ್, ಗೋಲ್ಡ್‌ಬರ್ಗ್, ವೋಲ್ಮಿ ಒಂದು ಸೊಗಸಾದ ಪ್ರಯೋಗ ಮಾಡಿದರು. ಕಪ್ಪೆಯ ಅಂಡಕೋಶಕ್ಕೆ ಆಕಾರ ಕೆಟ್ಟ ಪ್ರೋಟೀನ್ ಚುಚ್ಚಿದರು. ಬಿಸಿ ಇಲ್ಲ, ವಿಷ ಇಲ್ಲ. ಹೀಟ್ ಶಾಕ್ ಜೀನ್ ಚಾಲೂ ಆಯಿತು. ಅದೇ ಪ್ರೋಟೀನನ್ನು ಸರಿಯಾದ ಆಕಾರದಲ್ಲಿ ಚುಚ್ಚಿದರೆ ಆಗಲಿಲ್ಲ. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಬಿಸಿಯಾಗಲಿ, ವಿಷವಾಗಲಿ, ಪ್ರೋಟೀನ್‌ಗಳ ಮಡಿಕೆ ಬಿಚ್ಚಿಹೋಗುವುದೇ ಕೋಶಕ್ಕೆ ಅಪಾಯದ ಸೂಚನೆ. ಹೀಟ್ ಶಾಕ್ ಪ್ರೋಟೀನ್‌ಗಳು ಅವನ್ನು ಹಿಡಿದುಕೊಂಡು, ಒಂದಕ್ಕೊಂದು ಅಂಟಿ ಗಂಟಾಗದಂತೆ ನೋಡಿಕೊಂಡು, ಮತ್ತೆ ಮಡಚಿಕೊಳ್ಳಲು ಅವಕಾಶ ಮಾಡಿಕೊಡುತ್ತವೆ.

ಅಂಕಿ ಅಂಶ:
ಅಲ್ಲಾ ಮೇಡಂ, ನೀವು ಹೇಳಿದ್ದರಲ್ಲೇ ನನ್ನ ವಾದ ಇದೆ. 12 ವರ್ಷ ಮುಖ್ಯವಾದ ಮುಂದಿನ ಹೆಜ್ಜೆ ಬರಲಿಲ್ಲ. ಹಾಗಾದರೆ ಆ 12 ವರ್ಷ ಪ್ರಭಾವ ಕಡಿಮೆ ಇತ್ತು ಅಂತಲೇ ಅರ್ಥ. ಸಂಖ್ಯೆ ಸುಳ್ಳು ಹೇಳಿಲ್ಲ.

ನೊಣದ ಮೇಷ್ಟ್ರು:
ಆ 12 ವರ್ಷ ಖಾಲಿ ಇರಲಿಲ್ಲ ಸ್ವಾಮಿ. ಮೈಕೆಲ್ ಆಶ್‌ಬರ್ನರ್ 1970ರಲ್ಲಿ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಅನ್ನುವ ಹಣ್ಣಿನ ನೊಣದಲ್ಲಿ ಈ ಪಫ್‌ಗಳನ್ನು ಕೂತು ಗುರುತು ಮಾಡಿ ಬರೆದಿಟ್ಟರು. 25 ಡಿಗ್ರಿಯಲ್ಲಿ ಬೆಳೆದದ್ದನ್ನು 37ಕ್ಕೆ ಏರಿಸಿದರೆ ಎಲ್ಲೆಲ್ಲಿ ಉಬ್ಬುತ್ತದೆ ಅನ್ನುವ ನಕ್ಷೆ. ನಕ್ಷೆ ಮಾಡುವ ಕೆಲಸಕ್ಕೆ ಚಪ್ಪಾಳೆ ಬೀಳುವುದಿಲ್ಲ. ಆದರೆ ಆ ನಕ್ಷೆ ಇದ್ದದ್ದರಿಂದಲೇ 1974ರ ನಂತರ ಎಲ್ಲರೂ ಓಡಿದ್ದು. ಬೇಕೆಂದಾಗ ಕೆಲವೇ ನಿಮಿಷಗಳಲ್ಲಿ ಚಾಲೂ ಮಾಡಬಹುದಾದ ಜೀನ್‌ಗಳು ಇವು. ನಮ್ಮಂಥ ಬಹುಕೋಶ ಜೀವಿಗಳ ಜೀನ್ ಹೇಗೆ ಆನ್ ಆಗುತ್ತದೆ ಅನ್ನುವ ಪಾಠದ ಎಷ್ಟೋ ಭಾಗ ಕಲಿತದ್ದು ಇವುಗಳಿಂದಲೇ.

ಇನ್ನೊಂದು. ರಿಟೋಸ್ಸಾ 1965ರಲ್ಲಿ ಸ್ಪೀಗೆಲ್‌ಮನ್ ಜೊತೆ ಸೇರಿ, ರೈಬೋಸೋಮ್ (ಪ್ರೋಟೀನ್ ತಯಾರಿಸುವ ಯಂತ್ರ) ಆರ್‌ಎನ್‌ಎಯ ಜೀನ್‌ಗಳು, ನ್ಯೂಕ್ಲಿಯಸ್ ಒಳಗಿನ ನ್ಯೂಕ್ಲಿಯೋಲಸ್ ಅನ್ನುವ ಭಾಗ ಹುಟ್ಟುವ ಜಾಗದಲ್ಲೇ ಇವೆ ಅಂತ ತೋರಿಸಿದರು. ಆ ಕಾಲಕ್ಕೆ ಅದೇ ಅವರ ದೊಡ್ಡ ಕೆಲಸ ಅನ್ನಿಸಿಕೊಂಡಿತ್ತು. 1967ರಲ್ಲಿ ಎಣಿಸಿದ್ದರೆ 'ರೈಬೋಸೋಮ್ ಜೀನ್‌ಗಳ ರಿಟೋಸ್ಸಾ' ಅಂತ ಬರೆಯುತ್ತಿದ್ದರೇನೋ.

ಯೀಸ್ಟ್ ಪ್ರೇಮಿ:
ಇಲ್ಲಿ ಯಾರೂ ಪೀಟರ್ ವಾಲ್ಟರ್, ಕಾಜುತೋಶಿ ಮೋರಿ ಹೆಸರೇ ಎತ್ತಲಿಲ್ಲವಲ್ಲ! ಹೀಟ್ ಶಾಕ್ ಕೋಶರಸದ ಕಥೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಅಂದರೆ ಕೋಶದೊಳಗಿನ ಪೊರೆಯ ಜಾಲದ ಒಳಗೂ ಪ್ರೋಟೀನ್ ಮಡಚಿಕೊಳ್ಳುತ್ತವೆ. ಅಲ್ಲಿ ಕೆಟ್ಟದ್ದು ತುಂಬಿಕೊಂಡರೆ ನ್ಯೂಕ್ಲಿಯಸ್‌ಗೆ ಸುದ್ದಿ ಹೋಗುವುದು ಹೇಗೆ? ನಡುವೆ ಪೊರೆ ಇದೆ. 1993ರಲ್ಲಿ ಇವರಿಬ್ಬರು ಇದ್ದ ಎರಡು ತಂಡಗಳು ಬೇರೆ ಬೇರೆಯಾಗಿ ಯೀಸ್ಟ್‌ನಲ್ಲಿ ಐಆರ್‌ಇ1 ಅನ್ನುವ ಒಂದೇ ಜೀನ್‌ಗೆ ಬಂದು ತಲುಪಿದವು. ಅದರ ಪ್ರೋಟೀನ್ ಪೊರೆಯಲ್ಲಿ ಕೂತಿರುತ್ತದೆ. ಒಂದು ತುದಿ ಒಳಗೆ, ಒಂದು ತುದಿ ಹೊರಗೆ.

ಮುಂದಿನದ್ದು ಇನ್ನೂ ಮಜಾ. ಐಆರ್‌ಇ1 ಚಾಲೂ ಆದರೆ ಎಚ್‌ಎಸಿ1 ಅನ್ನುವ ಒಂದು ಎಂಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಗೆ ಜೀನ್‌ನ ಸಂದೇಶ ಒಯ್ಯುವ ಆರ್‌ಎನ್‌ಎ) ಕತ್ತರಿಸುತ್ತದೆ. ತುಂಡುಗಳನ್ನು ಜೋಡಿಸುವುದು ಟಿಆರ್‌ಎನ್‌ಎ ಲಿಗೇಸ್ ಅನ್ನುವ ಕಿಣ್ವ. ಮಾಮೂಲಿ ಎಂಆರ್‌ಎನ್‌ಎ ಕತ್ತರಿಸಿ ಜೋಡಿಸುವ ಸ್ಪ್ಲೈಸೋಸೋಮ್‌ಗೆ ಇಲ್ಲಿ ಕೆಲಸವೇ ಇಲ್ಲ. 1996ರಲ್ಲಿ ಇದನ್ನು ಯಾರೂ ಊಹಿಸಿರಲಿಲ್ಲ. 2001ರಲ್ಲಿ ಪ್ರಾಣಿಗಳಲ್ಲೂ ಎಕ್ಸ್‌ಬಿಪಿ1 ಅನ್ನುವುದರ ಮೇಲೆ ಇದೇ ತಂತ್ರ ಅಂತ ಗೊತ್ತಾಯಿತು. 2014ರಲ್ಲಿ ಇಬ್ಬರಿಗೂ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ, 2018ರಲ್ಲಿ ಬ್ರೇಕ್‌ಥ್ರೂ ಪ್ರಶಸ್ತಿ. ಪ್ರಭಾವ ಅಂದರೆ ಇದು.

ಅಂಕಿ ಅಂಶ:
ನೋಡಿ, ಇಲ್ಲಿ ಸೈಟೇಷನ್ನೂ ಇದೆ, ಪ್ರಶಸ್ತಿಯೂ ಇದೆ. 2011ರಲ್ಲಿ ವಾಲ್ಟರ್ ಮತ್ತು ಡೇವಿಡ್ ರಾನ್ 'ಸೈನ್ಸ್'ನಲ್ಲಿ ಬರೆದ ವಿಮರ್ಶಾ ಲೇಖನವನ್ನು ಸಾವಿರಾರು ಪೇಪರ್‌ಗಳು ಉಲ್ಲೇಖಿಸಿವೆ. ಸಂಖ್ಯೆ ಮತ್ತು ಕೆಲಸ ಎರಡೂ ಒಟ್ಟಿಗೇ ಹೋಗಿವೆ.

ಬಯೋಕೆಮ್ ಮೇಡಂ:
ನೀವು ಕೊಟ್ಟ ಉದಾಹರಣೆಯಲ್ಲೇ ತೊಂದರೆ ಇದೆ, ಗಮನಿಸಿದಿರಾ? ಅದು ವಿಮರ್ಶಾ ಲೇಖನ. ಹೊಸ ಪ್ರಯೋಗ ಅಲ್ಲ. ಐಆರ್‌ಇ1 ಕಂಡುಹಿಡಿದ ಮೂಲ ಪೇಪರ್ ಬದಲು ಜನ ವಿಮರ್ಶೆಯನ್ನೇ ಉಲ್ಲೇಖಿಸುತ್ತಾರೆ, ಏಕೆಂದರೆ ಒಂದೇ ಕಡೆ ಎಲ್ಲ ಸಿಗುತ್ತದೆ. ಕೆಲಸ ಹಳೆಯದಾಗಿ ಪಠ್ಯಪುಸ್ತಕ ಸೇರಿದ ಮೇಲೆ ಅದೂ ನಿಂತುಹೋಗುತ್ತದೆ. ಹೀಟ್ ಶಾಕ್ ಅಂತ ಬರೆಯುವ ಪ್ರತಿಯೊಬ್ಬರೂ 1962ರ ಪೇಪರ್ ಉಲ್ಲೇಖಿಸುತ್ತಾರಾ? ಇಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಹಿಂದೆಯೇ ಹೇಳಿದ್ದರು. ಒಂದು ವಿಚಾರ ಎಲ್ಲರದ್ದೂ ಆದಾಗ ಅದರ ಮೂಲ ಅಳಿಸಿಹೋಗುತ್ತದೆ. ಅಂದರೆ ಪ್ರಭಾವ ತೀರಾ ದೊಡ್ಡದಾದಾಗ ಸಂಖ್ಯೆ ಕಡಿಮೆಯಾಗುತ್ತದೆ.

ಇನ್ನು ಹೆಸರಿನ ವಿಷಯ. 1975ರಲ್ಲಿ ಹೀಟ್ ಶಾಕ್ ಆರ್‌ಎನ್‌ಎ ಪಫ್ ಜಾಗಗಳಿಗೇ ಹೋಗಿ ಅಂಟುತ್ತದೆ ಅಂತ ತೋರಿಸಿದ ಪೇಪರ್‌ನ ಮೊದಲ ಲೇಖಕಿ ಮೆಕೆಂಜಿ. ಅವರೇ ಮುಂದೆ ಸೂಸನ್ ಲಿಂಡ್‌ಕ್ವಿಸ್ಟ್! ಒತ್ತಡದ ಸಂಶೋಧನೆಯಲ್ಲಿ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬರು. ಬರೀ 'ಲಿಂಡ್‌ಕ್ವಿಸ್ಟ್' ಅಂತ ಹುಡುಕಿ ಎಣಿಸಿದರೆ ಅವರ ಮೊದಲ ಮುಖ್ಯ ಕೆಲಸ ಸಿಗುವುದಿಲ್ಲ.

ಸುಮ್ನೆ ಓದುಗ:
ಲಿಂಡ್‌ಕ್ವಿಸ್ಟ್ ಏನು ಮಾಡಿದರು?

ನೊಣದ ಮೇಷ್ಟ್ರು:
ಒಂದನ್ನು ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. 1998ರಲ್ಲಿ ಸುಜಾನ್ ರದರ್‌ಫರ್ಡ್ ಜೊತೆ 'ನೇಚರ್'ನಲ್ಲಿ ಬಂದ ಕೆಲಸ. ನೊಣಗಳಲ್ಲಿ ಎಚ್‌ಎಸ್‌ಪಿ90 ಅನ್ನುವ ಇನ್ನೊಂದು ಹೀಟ್ ಶಾಕ್ ಪ್ರೋಟೀನ್ ಕಡಿಮೆ ಮಾಡಿದರೆ ಕಣ್ಣು, ರೆಕ್ಕೆ, ಕಾಲುಗಳಲ್ಲಿ ಥರಾವರಿ ವಿಚಿತ್ರ ಬದಲಾವಣೆ ಕಾಣಿಸಿಕೊಂಡವು. ಆ ಬದಲಾವಣೆಗೆ ಕಾರಣವಾದ ಜೀನ್ ವ್ಯತ್ಯಾಸಗಳು ಮೊದಲೇ ಅಲ್ಲಿದ್ದವು. ಎಚ್‌ಎಸ್‌ಪಿ90 ಅವನ್ನು ಮುಚ್ಚಿಟ್ಟಿತ್ತು. ಒತ್ತಡ ಬಂದಾಗ ಎಚ್‌ಎಸ್‌ಪಿ90 ಬೇರೆ ಕೆಲಸಕ್ಕೆ ಹೋಗುತ್ತದೆ, ಮುಚ್ಚಿದ್ದು ಹೊರಬರುತ್ತದೆ. ಆ ಗುಣಗಳನ್ನು ಆರಿಸಿ ಕೆಲವು ಪೀಳಿಗೆ ಬೆಳೆಸಿದರೆ, ಆಮೇಲೆ ಎಚ್‌ಎಸ್‌ಪಿ90 ಸರಿಯಿದ್ದರೂ ಗುಣ ಉಳಿಯುತ್ತದೆ. ಜೀವಕೋಶದ ಒತ್ತಡದಿಂದ ಹೊರಟ ಕೆಲಸ ವಿಕಾಸವಾದಕ್ಕೆ ಹೋಗಿ ಸೇರಿತು ನೋಡಿ! ಎಷ್ಟರ ಮಟ್ಟಿಗೆ ಇದು ಪ್ರಕೃತಿಯಲ್ಲಿ ನಡೆಯುತ್ತದೆ ಅಂತ ಇನ್ನೂ ಜಗಳ ಇದೆ. ಜಗಳ ಎಬ್ಬಿಸುವುದೂ ಪ್ರಭಾವವೇ ಅಲ್ವಾ?

ಆರೋಗ್ಯ ಮಿತ್ರ:
ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಬಿಸಿ ನೀರಲ್ಲಿ ಕೂತರೆ ಹೀಟ್ ಶಾಕ್ ಪ್ರೋಟೀನ್ ಜಾಸ್ತಿಯಾಗಿ ಆಯಸ್ಸು ಹೆಚ್ಚುತ್ತೆ ಅಂತ ಒಂದು ವಿಡಿಯೋ ನೋಡಿದೆ. ನಿಜಾನಾ?

ಬಯೋಕೆಮ್ ಮೇಡಂ:
ಮೊದಲರ್ಧಕ್ಕೆ ಆಧಾರ ಇದೆ. ಮೈ ಬಿಸಿ ಏರಿದರೆ ಹೀಟ್ ಶಾಕ್ ಪ್ರೋಟೀನ್ ಏರಬಹುದು. ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಕೋಶಗಳಿಗೆ ಮೊದಲು ಸ್ವಲ್ಪ ಬಿಸಿ ಕೊಟ್ಟು ಆಮೇಲೆ ಜಾಸ್ತಿ ಬಿಸಿ ಕೊಟ್ಟರೆ ಹೆಚ್ಚು ಕೋಶ ಬದುಕುತ್ತವೆ ಅಂತ 1975ರಲ್ಲೇ ಗೊತ್ತಾಗಿದೆ. ಅಲ್ಲಿಂದ ಮನುಷ್ಯರ ಆಯಸ್ಸಿಗೆ ಹಾರುವುದು ತಪ್ಪು. ಹುಳು, ನೊಣಗಳಲ್ಲಿ ಕಂಡದ್ದನ್ನು ಹಾಗೇ ನಮಗೆ ಅನ್ವಯಿಸಬಾರದು. ಹೃದಯದ ತೊಂದರೆ, ಬಿಪಿ ಇದ್ದವರು, ಗರ್ಭಿಣಿಯರು ವಿಡಿಯೋ ನೋಡಿ ಬಿಸಿ ನೀರಲ್ಲಿ ಕೂರುವುದು ಬೇಡ, ಡಾಕ್ಟರನ್ನು ಕೇಳಿ.

ಮತ್ತೆ ಡಿಎನ್‌ಪಿ ಹೆಸರು ನಾನೇ ಎತ್ತಿದ್ದರಿಂದ ಹೇಳಿಬಿಡುತ್ತೇನೆ. ತೂಕ ಇಳಿಸಲು ಅದನ್ನು ಮಾರುವವರು ಇದ್ದಾರೆ. ಅದು ಮೈಯ ಬಿಸಿಯನ್ನು ತಡೆಯಿಲ್ಲದೆ ಏರಿಸಿ ಜನರನ್ನು ಕೊಂದಿದೆ. ಮುಟ್ಟಬೇಡಿ.

ಗ್ರಂಥಿ ವೈದ್ಯ:
ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. 'ಹೀಟ್ ಶಾಕ್ ಪ್ರೋಟೀನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು' ಅನ್ನುವುದೂ ಸರಿಯಲ್ಲ. ಕ್ಯಾನ್ಸರ್ ಕೋಶ ಸದಾ ಒತ್ತಡದಲ್ಲೇ ಇರುತ್ತದೆ. ಅದು ಬದುಕುವುದು ಈ ವ್ಯವಸ್ಥೆಯನ್ನು ತನ್ನ ಲಾಭಕ್ಕೆ ಬಳಸಿಕೊಂಡೇ. ಈ ಜೀನ್‌ಗಳನ್ನು ಚಾಲೂ ಮಾಡುವ ಎಚ್‌ಎಸ್‌ಎಫ್1 ಇಲ್ಲದ ಇಲಿಗಳಲ್ಲಿ ಗೆಡ್ಡೆ ಕಡಿಮೆ ಬಂದವು ಅಂತ 2007ರಲ್ಲಿ ಲಿಂಡ್‌ಕ್ವಿಸ್ಟ್ ಅವರ ಗುಂಪೇ ತೋರಿಸಿತು. ಎಚ್‌ಎಸ್‌ಪಿ90 ತಡೆಯುವ ಔಷಧಿಗಾಗಿ ವರ್ಷಗಟ್ಟಲೆ ಹುಡುಕಾಟ ನಡೆಯಿತು. ತುಂಬಾ ಔಷಧಿ ಸೋತವು. ಕೊನೆಗೆ 2022ರಲ್ಲಿ ಜಪಾನ್ ಪಿಮಿಟೆಸ್ಪಿಬ್‌ಗೆ ಒಪ್ಪಿಗೆ ಕೊಟ್ಟಿತು, ಜೀರ್ಣನಾಳದ ಒಂದು ಬಗೆಯ ಗೆಡ್ಡೆಗೆ. 1962ರಿಂದ 2022. ಅರವತ್ತು ವರ್ಷ!

ಎರಡನೇ ವರ್ಷದ ಪಿಎಚ್‌ಡಿ:
ನಾನು ಇದೇ ಕ್ಷೇತ್ರದಲ್ಲಿ ಇದ್ದೇನೆ. ಈ ಚರ್ಚೆ ಓದಿ ಹೊಟ್ಟೆ ಉರಿಯುತ್ತಿದೆ. ನಮ್ಮಲ್ಲಿ ವರ್ಷದ ಮೌಲ್ಯಮಾಪನದಲ್ಲಿ ಮೊದಲ ಪ್ರಶ್ನೆ 'ಯಾವ ಜರ್ನಲ್, ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು'. ಏನು ಕಂಡಿರಿ ಅಂತ ಯಾರೂ ಕೇಳುವುದಿಲ್ಲ. ಒಂದು ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿ ಬಂತು. ಅದನ್ನು ಬೆನ್ನು ಹತ್ತಲು ಸಮಯ ಕೇಳಿದರೆ 'ಪೇಪರ್ ಆಗುವ ಕೆಲಸ ಮೊದಲು ಮುಗಿಸಿ' ಅಂದರು. ಇವತ್ತು ರಿಟೋಸ್ಸಾ ಇದ್ದಿದ್ದರೆ ಅವರಿಗೂ ಇದನ್ನೇ ಹೇಳುತ್ತಿದ್ದರು.

ಯೀಸ್ಟ್ ಪ್ರೇಮಿ:
ಧೈರ್ಯ ತಗೊಳ್ಳಿ. ಯೊಶಿನೊರಿ ಒಸುಮಿ ಆಟೋಫಜಿಯ ಜೀನ್‌ಗಳನ್ನು ಹುಡುಕಿದ ಮುಖ್ಯ ಪೇಪರ್ 1993ರಲ್ಲಿ ಬಂದದ್ದು 'ಫೆಬ್ಸ್ ಲೆಟರ್ಸ್'ನಲ್ಲಿ. ಆಡಂಬರದ ಪತ್ರಿಕೆ ಅಲ್ಲ. ಯೀಸ್ಟ್‌ಗೆ ಆಹಾರ ಕೊಡದೆ ಒತ್ತಡಕ್ಕೆ ದೂಡಿ, ಅದು ತನ್ನದೇ ಭಾಗಗಳನ್ನು ಜೀರ್ಣ ಮಾಡಿಕೊಳ್ಳುವುದನ್ನು ನೋಡಿದರು. 2016ರಲ್ಲಿ ನೊಬೆಲ್ ಬಂತು, ಅದೂ ಒಬ್ಬರಿಗೇ.

ಅಂಕಿ ಅಂಶ:
ಪಿಎಚ್‌ಡಿ ತಮ್ಮಾ, ಇದರಲ್ಲಿ ನಾನು ನಿನ್ನ ಕಡೆ. ಒಂದು ವ್ಯತ್ಯಾಸ ಹೇಳಬೇಕು. ಇಂಪ್ಯಾಕ್ಟ್ ಫ್ಯಾಕ್ಟರ್ ಪತ್ರಿಕೆಯ ಸರಾಸರಿ. ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳಿಂದ ಲೆಕ್ಕ ಹಾಕುವುದು. ಕೆಲವೇ ಪೇಪರ್‌ಗಳು ಸರಾಸರಿಯನ್ನು ಎಳೆದುಕೊಂಡು ಹೋಗುತ್ತವೆ. ಅದನ್ನು ಒಬ್ಬ ವಿದ್ಯಾರ್ಥಿಯ ತಲೆಗೆ ಕಟ್ಟುವುದು ಸಂಖ್ಯಾಶಾಸ್ತ್ರದ ಪ್ರಕಾರವೇ ತಪ್ಪು. ಎರಡು ವರ್ಷದ ಕಿಟಕಿಯಲ್ಲಿ ರಿಟೋಸ್ಸಾ ಕಾಣುವುದೂ ಇಲ್ಲ. ನಾನು ಸೈಟೇಷನ್ ಪರ ಮಾತಾಡಿದ್ದು ಪೇಪರ್‌ನ ದೀರ್ಘಕಾಲದ ಉಲ್ಲೇಖಗಳ ಬಗ್ಗೆ.

ಅಂದ ಹಾಗೆ ಇದರ ವಿರುದ್ಧ ಮೊದಲು ಒಟ್ಟಾಗಿ ದನಿ ಎತ್ತಿದವರಲ್ಲಿ ಜೀವಕೋಶ ವಿಜ್ಞಾನಿಗಳೇ ಮುಂದೆ. 2012ರಲ್ಲಿ ಅಮೆರಿಕದ ಜೀವಕೋಶ ವಿಜ್ಞಾನ ಸಂಘದ ಸಮ್ಮೇಳನದ ಸಮಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಡೋರಾ' ಘೋಷಣೆ ರೂಪುಗೊಂಡಿತು. ಪತ್ರಿಕೆಯ ಅಂಕ ನೋಡಿ ವ್ಯಕ್ತಿಯನ್ನು ಅಳೆಯಬೇಡಿ ಅನ್ನುವುದು ಅದರ ಮುಖ್ಯ ಮಾತು. ನಿಮ್ಮ ಸಂಸ್ಥೆ ಅದಕ್ಕೆ ಸಹಿ ಹಾಕಿದೆಯಾ ನೋಡು. ಹಾಕಿದ್ದರೆ ಮೀಟಿಂಗಿನಲ್ಲಿ ಅದನ್ನೇ ಮುಂದಿಡು.

ಎರಡನೇ ವರ್ಷದ ಪಿಎಚ್‌ಡಿ:
ಥ್ಯಾಂಕ್ಸ್ ಅಣ್ಣಾ. ಇವತ್ತೇ ನೋಡುತ್ತೇನೆ.

ಹಳೇ ಮೈಕ್ರೋಸ್ಕೋಪ್:
ಭಾರತದ ಹೆಸರು ಒಂದೂ ಬರಲಿಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸುಭಾಷ್ ಲಖೋಟಿಯಾ ಈ ಪಫ್‌ಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಹೀಟ್ ಶಾಕ್ ಪಫ್‌ಗಳಲ್ಲಿ 93ಡಿ ಅನ್ನುವುದು ಬೇರೆಯವುಗಳ ಥರ ಅಲ್ಲ. ಬೆಂಜಮೈಡ್ ಅನ್ನುವ ರಾಸಾಯನಿಕ ಕೊಟ್ಟರೆ ಅದೊಂದೇ ಉಬ್ಬುತ್ತದೆ. ಅಲ್ಲಿಂದ ಆರ್‌ಎನ್‌ಎ ತಯಾರಾಗುತ್ತದೆ, ಆದರೆ ಅದು ಮಾಮೂಲಿ ಹೀಟ್ ಶಾಕ್ ಪ್ರೋಟೀನ್ ಮಾಡುವುದಕ್ಕಲ್ಲ. 'ಪ್ರೋಟೀನ್ ಮಾಡದ ಆರ್‌ಎನ್‌ಎ ಯಾಕೆ ಬೇಕು' ಅಂತ ಜನ ಕೇಳುತ್ತಿದ್ದ ಕಾಲದಲ್ಲಿ ಅವರು ಅದರ ಹಿಂದೆ ಬಿದ್ದರು. ನ್ಯೂಕ್ಲಿಯಸ್ ಒಳಗೆ ಈ ಆರ್‌ಎನ್‌ಎ ಸುತ್ತ ಸೇರುವ ಚುಕ್ಕೆಗಳನ್ನು ಅವರ ಗುಂಪು 'ಒಮೇಗಾ ಸ್ಪೆಕಲ್ಸ್' ಅಂತ ಕರೆಯಿತು. ಈಗ ನಾನ್ ಕೋಡಿಂಗ್ ಆರ್‌ಎನ್‌ಎ ಅಂದರೆ ಎಲ್ಲರಿಗೂ ಪ್ರೀತಿ. ಆಗ ಯಾರಿಗೂ ಬೇಡವಾಗಿತ್ತು.

ನೊಣದ ಮೇಷ್ಟ್ರು:
ಸರಿಯಾಗಿ ನೆನಪಿಸಿದಿರಿ ಸರ್. ಎಚ್‌ಎಸ್‌ಪಿ70 ಜೀನ್‌ನಲ್ಲಿ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯಬೇಕಾದ ತುಂಡು) ಇಲ್ಲ ಅನ್ನುವುದೂ ಇಲ್ಲೇ ಹೇಳಬೇಕಾದ ಮಾತು. ಜಾಸ್ತಿ ಬಿಸಿಯಲ್ಲಿ ಸ್ಪ್ಲೈಸಿಂಗ್, ಅಂದರೆ ಈ ಕತ್ತರಿಸಿ ಜೋಡಿಸುವ ಕೆಲಸ, ನಿಂತುಹೋಗುತ್ತದೆ. ಇಂಟ್ರಾನ್ ಇಲ್ಲದ ಜೀನ್‌ಗೆ ಆ ತೊಂದರೆಯೇ ಇಲ್ಲ, ಸೀದಾ ಪ್ರೋಟೀನ್ ಆಗುತ್ತದೆ. ಎಂಥಾ ಏರ್ಪಾಡು!

ಸುಮ್ನೆ ಓದುಗ:
ರಿಟೋಸ್ಸಾಗೆ ನೊಬೆಲ್ ಬಂತಾ?

ಕೋಶಪ್ರಿಯ:
ಇಲ್ಲ. 2014ರಲ್ಲಿ ತೀರಿಕೊಂಡರು. ಪ್ರೋಟೀನ್ ಮಡಚುವ ಯಂತ್ರಗಳ ಮೇಲಿನ ಕೆಲಸಕ್ಕೆ ಹಾರ್ಟ್ಲ್ ಮತ್ತು ಹಾರ್ವಿಚ್ ಅವರಿಗೆ 2011ರಲ್ಲಿ ಲಾಸ್ಕರ್ ಸಿಕ್ಕಿತು.

ಯೀಸ್ಟ್ ಪ್ರೇಮಿ:
ಅನ್ಯಾಯ ಅಂತ ನನಗೂ ಅನ್ನಿಸುತ್ತದೆ. ಆದರೆ ಅವರು ಪಫ್ ಕಂಡರು, ಪ್ರೋಟೀನ್ ಕಾಣಲಿಲ್ಲ. ಪ್ರೋಟೀನ್ ಏನು ಮಾಡುತ್ತದೆ ಅಂತ ತೋರಿಸಿದವರು ಬೇರೆಯವರು.

ಬಯೋಕೆಮ್ ಮೇಡಂ:
ಅವರು ಬಾಗಿಲು ತೆರೆಯದಿದ್ದರೆ ಆ 'ಬೇರೆಯವರು' ಏನನ್ನು ಹುಡುಕುತ್ತಿದ್ದರು? 1974ರ ಪೇಪರ್‌ನ ತಲೆಬರಹದಲ್ಲೇ ಕ್ರೋಮೋಸೋಮ್ ಪಫ್ ಅಂತ ಇದೆ. ಈ ಕ್ಷೇತ್ರಕ್ಕೆ ತನ್ನದೇ ಪತ್ರಿಕೆ ಇದೆ, 'ಸೆಲ್ ಸ್ಟ್ರೆಸ್ ಅಂಡ್ ಶಾಪರೋನ್ಸ್'. 1996ರಲ್ಲಿ ಅದು ಶುರುವಾದಾಗ ಈ ಕಥೆ ಬರೆಯಲು ಕರೆದದ್ದು ರಿಟೋಸ್ಸಾ ಅವರನ್ನೇ. ಒಳಗಿನವರಿಗೆ ಯಾರಿಂದ ಶುರುವಾಯಿತು ಅಂತ ಚೆನ್ನಾಗಿ ಗೊತ್ತಿತ್ತು.

ಅಂಕಿ ಅಂಶ:
ಇದನ್ನು ಒಪ್ಪುತ್ತೇನೆ. ಆದರೂ ನೇಮಕಾತಿ ಸಮಿತಿಯಲ್ಲಿ ನೂರು ಅರ್ಜಿ ಮುಂದಿರುವಾಗ 'ಒಳಗಿನವರಿಗೆ ಗೊತ್ತು' ಅಂದರೆ ಸಾಕಾಗುವುದಿಲ್ಲ ಮೇಡಂ. ಆಗ ಏನು ಮಾಡಬೇಕು ಹೇಳಿ.

ಬಯೋಕೆಮ್ ಮೇಡಂ:
ಪ್ರತಿ ಅರ್ಜಿದಾರರಿಂದ ಎರಡು ಮೂರು ಪೇಪರ್ ಮಾತ್ರ ತರಿಸಿ, ಸಮಿತಿಯವರು ಕೂತು ಪೂರ್ತಿ ಓದಬೇಕು. ಜೊತೆಗೆ ಒಂದು ಪುಟದಲ್ಲಿ 'ನಿರೀಕ್ಷೆ ಮಾಡದ ಯಾವ ಫಲಿತಾಂಶ ಬಂತು, ಅದಕ್ಕೆ ಏನು ಮಾಡಿದಿರಿ' ಅಂತ ಬರೆಸಬೇಕು. ಓದಲು ಸಮಯ ಇಲ್ಲದವರು ಸಮಿತಿಯಲ್ಲಿ ಇರಬಾರದು.

ಎರಡನೇ ವರ್ಷದ ಪಿಎಚ್‌ಡಿ:
ಆ ಒಂದು ಪುಟ ಬರೆಸುವುದು ನನಗೆ ತುಂಬಾ ಹಿಡಿಸಿತು. ಮುಂದಿನ ಮೌಲ್ಯಮಾಪನಕ್ಕೆ ಯಾರೂ ಕೇಳದಿದ್ದರೂ ನಾನೇ ಬರೆದುಕೊಂಡು ಹೋಗುತ್ತೇನೆ. ಮೇಡಂ, ಒಂದು ಪ್ರಶ್ನೆ. ಹೀಟ್ ಶಾಕ್ ಕೊಡುವಾಗ ಪ್ಲೇಟನ್ನು ಇನ್‌ಕ್ಯುಬೇಟರ್‌ನಲ್ಲಿ ಇಡುವುದಾ, ವಾಟರ್ ಬಾತ್‌ನಲ್ಲಾ? ನನಗೆ ಒಂದೊಂದು ಸಲ ಒಂದೊಂದು ಥರ ಬರುತ್ತಿದೆ.

ಬಯೋಕೆಮ್ ಮೇಡಂ:
ವಾಟರ್ ಬಾತ್. ಗಾಳಿಯಲ್ಲಿ ಮೀಡಿಯಂ ಬಿಸಿಯಾಗುವುದು ನಿಧಾನ, ನೀರಲ್ಲಿ ಬೇಗ. ಪ್ಲೇಟಿಗೆ ಪ್ಯಾರಾಫಿಲ್ಮ್ ಸುತ್ತಿ, ಮೀಡಿಯಂ ಒಳಗೇ ಥರ್ಮಾಮೀಟರ್ ಪ್ರೋಬ್ ಇಟ್ಟು ನೋಡು. ಬಾತ್‌ನ ಡಿಸ್‌ಪ್ಲೇ ತೋರಿಸುವ ಡಿಗ್ರಿಯನ್ನು ನಂಬಬೇಡ.